ಒಂದೇ ಲಸಿಕೆ, ಬಿಳಿ ಇಲಿಗೆ ಒಂದು ಥರ, ಕಪ್ಪು ಇಲಿಗೆ ಇನ್ನೊಂದು ಥರ

ಪ್ರಶ್ನೆ: ನನಗೆ ಚಿಕ್ಕಂದಿನಿಂದ ಅಸ್ತಮಾ. ನನ್ನ ಗಂಡನಿಗೆ ಧೂಳು ಸೋಕಿದರೆ ಸಾಕು, ಸೀನು ನಿಲ್ಲುವುದಿಲ್ಲ. ನಮಗೀಗ ಎರಡು ತಿಂಗಳ ಮಗು ಇದೆ. ಲಸಿಕೆ ಕೊಟ್ಟ ಇಲಿಗಳಲ್ಲಿ ಶ್ವಾಸನಾಳದ ಅಲರ್ಜಿ ಹೆಚ್ಚಾಯಿತು ಎಂದು ಒಂದು ಕಡೆ ಓದಿದೆ. ಕಡಿಮೆಯಾಯಿತು ಎಂದು ಇನ್ನೊಂದು ಕಡೆ ಓದಿದೆ. ಯಾವುದು ನಿಜ? ನಮ್ಮಂಥ ಅಲರ್ಜಿ ಮನೆತನದ ಮಗುವಿಗೆ ಲಸಿಕೆ ಬೇರೆ ಥರ ಕೆಲಸ ಮಾಡುತ್ತದೆಯೇ? ಕೆಲವು ತಿಂಗಳು ತಡೆದು ಹಾಕಿಸಿದರೆ ಒಳ್ಳೆಯದೇ?

ಉತ್ತರ: ನೀವು ಓದಿದ ಎರಡೂ ನಿಜ. ಆದರೆ ಎರಡೂ ಕಡೆ ಒಂದು ವಿವರ ಬಿಟ್ಟುಹೋಗಿರಬೇಕು: ಅದು ಯಾವ ತಳಿಯ ಇಲಿ, ಯಾವ ಲಸಿಕೆ ಅನ್ನುವುದು. ಅದು ಗೊತ್ತಾಗದೆ ಇಂಥ ಸುದ್ದಿಯಿಂದ ಏನನ್ನೂ ತೀರ್ಮಾನಿಸಲು ಬರುವುದಿಲ್ಲ.

ಲ್ಯಾಬಿಗೆ ಸೇರಿದ ಹೊಸದರಲ್ಲಿ ನನಗೂ ಇದು ಸರಿಯಾಗಿ ಗೊತ್ತಿರಲಿಲ್ಲ. ಇಲಿಗಳಲ್ಲಿ ಅಸ್ತಮಾದಂಥ ಸ್ಥಿತಿ ಉಂಟುಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವಿಧಾನ ಹಳೆಯದು. ಮೊಟ್ಟೆಯ ಬಿಳಿ ಭಾಗದಲ್ಲಿರುವ ಓವಾಲ್ಬುಮಿನ್ ಎಂಬ ಪ್ರೋಟೀನನ್ನು ಆಲಮ್ (ಲಸಿಕೆಯ ಪರಿಣಾಮ ಹೆಚ್ಚಿಸಲು ಸೇರಿಸುವ ಅಲ್ಯೂಮಿನಿಯಂ ಲವಣ) ಜೊತೆ ಬೆರೆಸಿ ಇಲಿಯ ಹೊಟ್ಟೆಗೆ ಚುಚ್ಚುತ್ತೇವೆ. ಎರಡು ವಾರ ಬಿಟ್ಟು ಇನ್ನೊಮ್ಮೆ. ಆಮೇಲೆ ಅದೇ ಪ್ರೋಟೀನನ್ನು ನೆಬ್ಯುಲೈಸರಿನಿಂದ ಮಂಜಿನಂತೆ ಮಾಡಿ ಉಸಿರಾಡಿಸುತ್ತೇವೆ. ಕೊನೆಗೆ ಮೆಥಾಕೊಲಿನ್ ಎಂಬ ಔಷಧಿ ಕೊಟ್ಟು, ಶ್ವಾಸನಾಳ ಎಷ್ಟು ಬಿಗಿಯಾಗುತ್ತದೆ ಎಂದು ಅಳೆಯುತ್ತೇವೆ. ಬಿಳಿ ಇಲಿಗಳಲ್ಲಿ ಪುಸ್ತಕದಲ್ಲಿ ಹೇಳಿದ ಹಾಗೆಯೇ ಆಯಿತು. ಒಂದು ತಿಂಗಳ ನಂತರ ಅದೇ ಕೆಲಸವನ್ನು ಕಪ್ಪು ಇಲಿಗಳಲ್ಲಿ ಮಾಡಿದೆ. ಔಷಧಿ ಏರಿಸುತ್ತಾ ಹೋದರೂ ಗ್ರಾಫಿನ ಗೆರೆ ಮೇಲೇಳಲೇ ಇಲ್ಲ.

ನನ್ನ ಮೊದಲ ಅನುಮಾನ ಆಲಮ್ ಮೇಲೆ. ಶೀಶೆಯನ್ನು ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ಇಟ್ಟಿದ್ದೆ. ಅಲ್ಲಿ ತಣ್ಣಗೆ ಜಾಸ್ತಿ, ಹೆಪ್ಪುಗಟ್ಟಿರಬಹುದು ಅಂದುಕೊಂಡೆ. ಆಲಮ್ ಒಮ್ಮೆ ಹೆಪ್ಪುಗಟ್ಟಿ ಕರಗಿತು ಅಂದರೆ ಅದರ ಕಥೆ ಮುಗಿಯಿತು. ಅಲ್ಲಾಡಿಸಿ ಇಟ್ಟರೆ ಚೂರುಚೂರಾಗಿ ಬೇಗ ತಳಕ್ಕೆ ಕೂರುತ್ತದೆ. ಆಲಮ್ ಇರುವ ಲಸಿಕೆಗಳನ್ನು ಫ್ರೀಜರಿನಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಅಲ್ಲಾಡಿಸಿ ನೋಡಿದೆ. ಹಾಲಿನಂತೆ ಸಮನಾಗಿಯೇ ಇತ್ತು.

ಆಮೇಲೆ ಸ್ಲೈಡ್ ನೋಡಿದೆ. ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು ತೊಳೆದು, ಆ ನೀರಿನಲ್ಲಿ ಬಂದ ಜೀವಕೋಶಗಳಿಗೆ ಬಣ್ಣ ಹಾಕಿರುತ್ತೇವೆ. ಅಲರ್ಜಿಯ ಗುರುತು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ. ಇಲಿಯಲ್ಲಿ ಅದರ ನ್ಯೂಕ್ಲಿಯಸ್ ಬಳೆಯಂತೆ ದುಂಡಗೆ ಕಾಣುತ್ತದೆ, ಸುತ್ತಲೂ ಕೆಂಪು ಮಿಶ್ರಿತ ಗುಲಾಬಿ ಕಾಳುಗಳು. ಕಪ್ಪು ಇಲಿಯ ಸ್ಲೈಡಿನಲ್ಲೂ ಅವು ತುಂಬಿಕೊಂಡಿದ್ದವು! ಅಂದರೆ ಅಲರ್ಜಿ ಹತ್ತಿತ್ತು. ಶ್ವಾಸನಾಳ ಮಾತ್ರ ಬಿಗಿದಿರಲಿಲ್ಲ. ಹಿರಿಯರೊಬ್ಬರು ಸುಮ್ನೆ ಹೇಳಿದರು, "ತೊಳೆದ ನೀರು ಬಿಡಿ, ತೆಳ್ಳಗೆ ಕೊಯ್ದ ಶ್ವಾಸಕೋಶದ ಸೀಳು ನೋಡಿ." ನೋಡಿದೆ. ಬಿಳಿ ಇಲಿಯಲ್ಲಿ ಆ ಕಣಗಳು ಶ್ವಾಸನಾಳದ ಗೋಡೆಯ ಸುತ್ತ ಒತ್ತಾಗಿ ಕೂತಿದ್ದವು. ಕಪ್ಪು ಇಲಿಯಲ್ಲಿ ಗೋಡೆಯ ಬಳಿ ಕಡಿಮೆ, ಗಾಳಿ ಹೋಗುವ ಜಾಗದಲ್ಲೇ ಹೆಚ್ಚು. ಈ ಎರಡು ತಳಿಗಳ ವ್ಯತ್ಯಾಸಕ್ಕೆ ಇಯೊಸಿನೊಫಿಲ್ ಎಲ್ಲಿ ಕೂರುತ್ತದೆ ಎನ್ನುವುದೂ ಒಂದು ಕಾರಣ ಎಂದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ನಾನು ಅದನ್ನು ಓದಿರಲಿಲ್ಲ, ಅಷ್ಟೇ.

ಈ ಬಿಳಿ ಇಲಿಯ ಹೆಸರು ಬಾಲ್ಬ್-ಸಿ. 1913ರಲ್ಲಿ ಹಾಲ್ಸಿ ಬ್ಯಾಗ್ ಎಂಬವರು ಸಾಕಲು ಶುರುಮಾಡಿದ ಬಿಳಿ ಇಲಿಗಳ ವಂಶ ಇದು. 'ಬ್ಯಾಗ್ ಆಲ್ಬಿನೊ' ಎನ್ನುವುದೇ ಬಾಲ್ಬ್ ಆಯಿತು. ಕಪ್ಪು ಇಲಿ ಸಿ57 ಬ್ಲ್ಯಾಕ್-6, ಕ್ಲಾರೆನ್ಸ್ ಲಿಟಲ್ ಅವರು 1921ರಲ್ಲಿ 57ನೇ ನಂಬರಿನ ಹೆಣ್ಣಿಲಿಯಿಂದ ಬೆಳೆಸಿದ ವಂಶದ್ದು. 20 ತಲೆಮಾರಿಗಿಂತ ಹೆಚ್ಚು ಕಾಲ ಒಡಹುಟ್ಟಿದವುಗಳನ್ನೇ ಕೂಡಿಸುತ್ತಾ ಬಂದರೆ ತಳಿಯ ಎಲ್ಲ ಇಲಿಗಳೂ ಅವಳಿ ಮಕ್ಕಳಂತೆ ಆಗಿಬಿಡುತ್ತವೆ. ಹಾಗಾಗಿ ಊಟ, ಪಂಜರ, ಚುಚ್ಚುಮದ್ದು ಎಲ್ಲ ಒಂದೇ ಇಟ್ಟು ತಳಿ ಮಾತ್ರ ಬದಲಿಸಿದಾಗ ಕಾಣುವ ವ್ಯತ್ಯಾಸ ಬಹುಪಾಲು ಜೀನ್‌ಗಳದ್ದೇ.

'ಹುಟ್ಟುಗುಣ ಸುಟ್ಟರೂ ಹೋಗದು' ಅಂತ ಗಾದೆ ಇದೆ ಅಲ್ವಾ? ಈ ಎರಡು ತಳಿಗಳ ಹುಟ್ಟುಗುಣ ಮೊದಲು ಎದ್ದು ಕಂಡದ್ದು ಅಲರ್ಜಿಯಲ್ಲಿ ಅಲ್ಲ, ಲೀಶ್ಮೇನಿಯಾ ಎಂಬ ಪರಾವಲಂಬಿ ಜೀವಿಯ ಸೋಂಕಿನಲ್ಲಿ. ಕಪ್ಪು ಇಲಿಯ ಹುಣ್ಣು ಮಾಗುತ್ತದೆ. ಬಿಳಿ ಇಲಿಯಲ್ಲಿ ಸೋಂಕು ಮೈಯೆಲ್ಲ ಹರಡಿ ಸಾಯುತ್ತದೆ. 1986ರಲ್ಲಿ ಮೊಸ್ಮನ್ ಮತ್ತು ಕಾಫ್ಮನ್ ಇಲಿಯ ಸಹಾಯಕ ಟಿ ಕೋಶಗಳಲ್ಲಿ (ರೋಗದ ವಿರುದ್ಧ ಉಳಿದ ಕೋಶಗಳಿಗೆ ಅಪ್ಪಣೆ ಕೊಡುವ ಬಿಳಿ ರಕ್ತಕಣಗಳಲ್ಲಿ) ಎರಡು ಬಗೆ ಇವೆ ಎಂದು ತೋರಿಸಿದರು. ಟಿಎಚ್1 ಬಗೆಯದು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ಪ್ರೋಟೀನು ಸುರಿಸಿ ಜೀವಕೋಶದೊಳಗೆ ಅಡಗಿದ ರೋಗಾಣುವನ್ನು ಕೊಲ್ಲಿಸುತ್ತದೆ. ಟಿಎಚ್2 ಬಗೆಯದು ಇಂಟರ್‌ಲ್ಯೂಕಿನ್-4, 5, 13 ಎಂಬ ಸಂದೇಶಗಳನ್ನು ಸುರಿಸುತ್ತದೆ. ಹುಳುಗಳ ವಿರುದ್ಧ ಹೋರಾಡಲು ಇದು ಬೇಕು, ಆದರೆ ಧೂಳು ಪರಾಗಗಳ ಮೇಲೆ ತಿರುಗಿದರೆ ಇದೇ ಅಲರ್ಜಿ. ಐಜಿಇ ಎಂಬ ಅಲರ್ಜಿಯ ಪ್ರತಿಕಾಯ ಏರುವುದು, ಇಯೊಸಿನೊಫಿಲ್ ಬರುವುದು, ಲೋಳೆ ಹೆಚ್ಚುವುದು, ನಾಳ ಬಿಗಿಯುವುದು ಎಲ್ಲ ಇದರ ಕೆಲಸ. ಬಿಳಿ ಇಲಿ ಹುಟ್ಟಾ ಟಿಎಚ್2 ಕಡೆ ವಾಲಿದ್ದು, ಕಪ್ಪು ಇಲಿ ಟಿಎಚ್1 ಕಡೆ. ಇದು ಬಹಳ ಒರಟು ಲೆಕ್ಕ, ಮುಂದೆ ನಾನೇ ಇದನ್ನು ಕೆಡಿಸುತ್ತೇನೆ. ಸದ್ಯಕ್ಕೆ ಸಾಕು.

ಈಗ ಲಸಿಕೆಗೆ ಬರೋಣ. ಲಸಿಕೆಯ ಕೆಲಸ ರೋಗಾಣುವಿನ ಗುರುತನ್ನು ಕಲಿಸುವುದು ಮಾತ್ರ ಅಲ್ಲ. ಕಲಿಸುವಾಗ ಯಾವ ಬಗೆಯ ಟಿ ಕೋಶ ಹೆಚ್ಚು ಏಳಬೇಕು ಎನ್ನುವುದರ ಮೇಲೂ ಅದರ ಕೈ ಇರುತ್ತದೆ. ಆದರೆ ಆ ಕೈ ಎಷ್ಟು ನಡೆಯುತ್ತದೆ ಎನ್ನುವುದು ಮೈಯ ಹುಟ್ಟುಗುಣಕ್ಕೆ ಬಿಟ್ಟದ್ದು.

ಕ್ಷಯದ ಲಸಿಕೆ ಬಿಸಿಜಿಯನ್ನೇ ತೆಗೆದುಕೊಳ್ಳಿ. ಕ್ಯಾಲ್ಮೆಟ್ ಮತ್ತು ಗೆರಾಂ ಎಂಬ ಇಬ್ಬರು 13 ವರ್ಷ ಹಟ ಹಿಡಿದು, ದನದ ಕ್ಷಯದ ರೋಗಾಣುವನ್ನು 230 ಸಲ ಮರುನಾಟಿ ಮಾಡಿ ಪಳಗಿಸಿದ ಜೀವಂತ ಲಸಿಕೆ. 1921ರಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟರು. ಟಿಎಚ್1 ಎಬ್ಬಿಸುವುದರಲ್ಲಿ ಇದು ಗಟ್ಟಿ ಆಸಾಮಿ. 1998ರಲ್ಲಿ ಪ್ರಕಟವಾದ ಇಲಿ ಅಧ್ಯಯನವೊಂದರಲ್ಲಿ ಮೊದಲೇ ಬಿಸಿಜಿ ಕೊಟ್ಟಿದ್ದ ಇಲಿಗಳ ಶ್ವಾಸನಾಳಕ್ಕೆ ಇಯೊಸಿನೊಫಿಲ್ ಬರುವುದು ತಗ್ಗಿತು. ಮೂಗಿನ ಮೂಲಕ ಕೊಟ್ಟಾಗ ಪರಿಣಾಮ ಹೆಚ್ಚು. ಇಂಟರ್‌ಫೆರಾನ್ ಗಾಮಾ ಸಂದೇಶ ಮುಟ್ಟದಂತೆ ಜೀನ್ ಕೆಡಿಸಿದ ಇಲಿಗಳಲ್ಲಿ ಪರಿಣಾಮವೇ ಇಲ್ಲ. ಲಸಿಕೆ ಅದೇ, ಡೋಸ್ ಅದೇ, ಒಂದು ಜೀನ್ ಕೆಲಸ ಮಾಡಲಿಲ್ಲ ಅಂದರೆ ರಕ್ಷಣೆ ಮಾಯ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಇನ್ನೊಂದು ಇದೆ. ಬಿಸಿಜಿ ಇಲಿಯ ಮೈಯಲ್ಲಿ ಎಷ್ಟು ಬೆಳೆಯುತ್ತದೆ ಎನ್ನುವುದನ್ನು ಎನ್‌ರಾಂಪ್1 ಎಂಬ ಜೀನ್ ಬಹುಮಟ್ಟಿಗೆ ನಿರ್ಧರಿಸುತ್ತದೆ. 1993ರಲ್ಲಿ ಪತ್ತೆಯಾಯಿತು. ರೋಗಾಣುವನ್ನು ನುಂಗಿದ ಕೋಶದ ಚೀಲದಿಂದ ಕಬ್ಬಿಣ, ಮ್ಯಾಂಗನೀಸ್‌ಗಳನ್ನು ಹೊರಗೆ ತಳ್ಳುವ ಪಂಪ್ ಅದು. ರೋಗಾಣುವಿಗೆ ಖನಿಜ ಸಿಗದಂತೆ ಮಾಡುವ ಉಪಾಯ. ಪ್ರೋಟೀನಿನ 169ನೇ ಜಾಗದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಪಂಪ್ ಕೆಟ್ಟುಹೋಗುತ್ತದೆ, ಬಿಸಿಜಿ ಹುಲುಸಾಗಿ ಬೆಳೆಯುತ್ತದೆ. ತಮಾಷೆ ಏನೆಂದರೆ, ಈ ವಿಷಯದಲ್ಲಿ ನಮ್ಮ ಬಿಳಿ ಇಲಿ, ಕಪ್ಪು ಇಲಿ ಎರಡೂ ಒಂದೇ ಪಕ್ಷ. ಎರಡರಲ್ಲೂ ಪಂಪ್ ಕೆಟ್ಟಿದೆ. ಅದು ಸರಿಯಿರುವ ತಳಿಗಳು ಬೇರೆ ಇವೆ. ಇದೇ ಜೀನ್ ಅಲರ್ಜಿಯ ಅಸ್ತಮಾದ ತೀವ್ರತೆಯನ್ನೂ ಬದಲಿಸುತ್ತದೆ ಎಂದು ಆಮೇಲೆ ತಿಳಿಯಿತು. ಅಂದರೆ ಲಸಿಕೆ ಎಷ್ಟು ದಿನ ಮೈಯಲ್ಲಿ ಉಳಿಯುತ್ತದೆ ಎನ್ನುವುದರ ಮೇಲೂ ಅದರದೇ ಹಿಡಿತ, ಕಾಯಿಲೆಯ ಮೇಲೂ ಅದರದೇ ಹಿಡಿತ. ಟಿಎಚ್1, ಟಿಎಚ್2 ಎಂದು ಎರಡೇ ಡಬ್ಬಿಗೆ ತುಂಬಲು ಹೊರಟರೆ ಇದು ಎಲ್ಲಿ ಕೂರುತ್ತದೆ ಹೇಳಿ? ಮೇಲಿನ ಲೆಕ್ಕ ಒರಟು ಎಂದದ್ದು ಇದಕ್ಕೇ.

ನಿಮ್ಮನ್ನು ಹೆದರಿಸಿದ ಸುದ್ದಿ ಬಹುಶಃ ನಾಯಿಕೆಮ್ಮಿನ ಲಸಿಕೆಯದು. ಅಲರ್ಜಿಯ ಪ್ರಯೋಗಗಳಲ್ಲಿ ಅದಕ್ಕೆ ಹಳೆಯ ಹೆಸರಿದೆ. 1948ರಲ್ಲಿ ಪಾರ್ಫೆಂಟೀವ್ ಮತ್ತು ಗುಡ್‌ಲೈನ್ ಒಂದು ವಿಚಿತ್ರ ಕಂಡರು. ಇಲಿಗೆ ಹಿಸ್ಟಮಿನ್ ಬಹಳ ಕೊಟ್ಟರೂ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮೊದಲು ನಾಯಿಕೆಮ್ಮಿನ ಲಸಿಕೆ ಕೊಟ್ಟು ಕೆಲವು ದಿನ ಬಿಟ್ಟು ಹಿಸ್ಟಮಿನ್ ಕೊಟ್ಟರೆ ಸ್ವಲ್ಪಕ್ಕೇ ಸಾಯುತ್ತದೆ. ಅಲರ್ಜಿಯಲ್ಲಿ ಸೀನು, ತುರಿಕೆ ತರಿಸುವ ಹಿಸ್ಟಮಿನ್ ಇದೇ. ಕಾರಣ, ರೋಗಾಣುವಿನ ಪರ್ಟುಸಿಸ್ ವಿಷ. ಆದರೆ ಎಲ್ಲ ತಳಿಯ ಇಲಿಗಳೂ ಸಾಯುವುದಿಲ್ಲ. ಎಸ್‌ಜೆಎಲ್ ಎಂಬ ತಳಿ ಸಾಯುತ್ತದೆ, ಸಿ3ಎಚ್ ತಳಿ ಬದುಕುತ್ತದೆ. ಯಾಕೆ ಎನ್ನುವುದಕ್ಕೆ ಉತ್ತರ 2002ರಲ್ಲಿ ಸಿಕ್ಕಿತು: ಹಿಸ್ಟಮಿನ್‌ನ ಎಚ್1 ಗ್ರಾಹಕದ, ಅಂದರೆ ಹಿಸ್ಟಮಿನ್ ಬಂದು ಅಂಟುವ ಪ್ರೋಟೀನಿನ, ಜೀನ್. ಎರಡು ರೂಪಗಳ ನಡುವೆ ಮೂರೇ ಅಮೈನೊ ಆಮ್ಲಗಳ ವ್ಯತ್ಯಾಸ. ಲಸಿಕೆ ಕೊಟ್ಟ ಇಲಿಗೆ ಏನಾಗುತ್ತದೆ ಎನ್ನುವುದು ಇಲಿಯ ಒಂದು ಜೀನಿನಲ್ಲಿ ಬರೆದಿತ್ತು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗಾದರೆ ಮಗುವಿಗೆ ಕೊಡುವ ಲಸಿಕೆಯಲ್ಲಿ ಈ ವಿಷ ಇದೆಯೇ? ಹೊಸ ಬಗೆಯ ನಾಯಿಕೆಮ್ಮಿನ ಲಸಿಕೆಯಲ್ಲಿ ರೋಗಾಣುವಿನ ಕೆಲವು ಪ್ರೋಟೀನುಗಳು ಮಾತ್ರ ಇರುತ್ತವೆ, ವಿಷದ ಹಲ್ಲು ಕಿತ್ತಿರುತ್ತಾರೆ. ಅದು ನಿಜವಾಗಿಯೂ ಕಿತ್ತಿದೆಯೇ ಎಂದು ಪ್ರತಿ ಬ್ಯಾಚ್ ಪರೀಕ್ಷಿಸಲು ದಶಕಗಳ ಕಾಲ ಬಳಸಿದ್ದು ಮೇಲಿನ 1948ರ ಪ್ರಯೋಗವನ್ನೇ. ಲಸಿಕೆ ಕೊಟ್ಟ ಇಲಿಗೆ ಹಿಸ್ಟಮಿನ್ ಕೊಟ್ಟು ನೋಡುವುದು. ಇದಕ್ಕೆ ಸಿಕ್ಕ ಇಲಿಯನ್ನೆಲ್ಲ ಹಿಡಿಯಲು ಬರುವುದಿಲ್ಲ, ಬೇಗ ಸಾಯುವ ತಳಿಯೇ ಬೇಕು. ಸಾಯದ ತಳಿ ತಂದರೆ ಕೆಟ್ಟ ಬ್ಯಾಚ್ ಕೂಡ ಪಾಸಾಗಿಬಿಡುತ್ತದೆ! ಈಗ ಇಲಿಯ ಬದಲು ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲಿನ ಪರೀಕ್ಷೆ ಬಂದಿದೆ.

ಹಳೆಯ ಬಗೆಯ ನಾಯಿಕೆಮ್ಮಿನ ಲಸಿಕೆಯಲ್ಲಿ ಸತ್ತ ರೋಗಾಣು ಇಡಿಯಾಗಿ ಇರುತ್ತದೆ. ಅದರ ಹೊರಪದರದಲ್ಲಿರುವ ಎಂಡೊಟಾಕ್ಸಿನ್ ಮೈಯನ್ನು ಎಬ್ಬಿಸುತ್ತದೆ. ಜ್ವರ, ನೋವು ಸ್ವಲ್ಪ ಜಾಸ್ತಿ ಬರುವುದು ಅದಕ್ಕೇ. ಪ್ರತಿಕ್ರಿಯೆ ಟಿಎಚ್1, ಟಿಎಚ್17 (ಇನ್ನೊಂದು ಬಗೆಯ ಸಹಾಯಕ ಟಿ ಕೋಶ) ಕಡೆ ವಾಲುತ್ತದೆ. ಹೊಸ ಬಗೆಯದರಲ್ಲಿ ಆಲಮ್ ಇದೆ, ಎಂಡೊಟಾಕ್ಸಿನ್ ಇಲ್ಲ. ಪ್ರತಿಕ್ರಿಯೆ ಟಿಎಚ್2 ಕಡೆ ವಾಲುತ್ತದೆ. ಎಂಡೊಟಾಕ್ಸಿನ್ ಬಂದಿದೆ ಎಂದು ಮೈಗೆ ತಿಳಿಸುವುದು ಟಿಎಲ್ಆರ್4 ಎಂಬ ಗ್ರಾಹಕ. ಸಿ3ಎಚ್ ತಳಿಯ ಒಂದು ಶಾಖೆಯಲ್ಲಿ ಅದು ಹುಟ್ಟಿನಿಂದಲೇ ಕೆಟ್ಟಿದೆ. ಅಂಥ ಇಲಿಗೆ ಇಡೀ ರೋಗಾಣುವಿನ ಲಸಿಕೆ ಕೊಟ್ಟರೆ ಕಿವುಡನ ಮುಂದೆ ಶಂಖ ಊದಿದ ಹಾಗೆ, ಪೂರ್ತಿ ಪ್ರತಿಕ್ರಿಯೆ ಏಳುವುದಿಲ್ಲ. ಮನುಷ್ಯರಲ್ಲೂ ಇದರ ನೆರಳು ಕಂಡಿದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಪಡೆದ ಮಕ್ಕಳನ್ನು ನೋಡಿದಾಗ, ಈ ಗ್ರಾಹಕದ ದಾರಿಯಲ್ಲಿರುವ ಜೀನ್‌ಗಳ ರೂಪಕ್ಕೂ ನಾಯಿಕೆಮ್ಮಿನ ವಿರುದ್ಧ ಎದ್ದ ಪ್ರತಿಕಾಯಗಳ ಮಟ್ಟಕ್ಕೂ ಸಂಬಂಧ ಇತ್ತು.

ಲಸಿಕೆ ನಿಜವಾಗಿಯೂ ಶ್ವಾಸಕೋಶಕ್ಕೆ ಕೆಡುಕು ಮಾಡಿದ ಉದಾಹರಣೆ ಇಲ್ಲವೇ ಎಂದು ಕೇಳಿದರೆ, ಇದೆ. ಮುಚ್ಚಿಡುವುದಿಲ್ಲ. 1966ರ ಸುಮಾರಿಗೆ ಅಮೆರಿಕದಲ್ಲಿ ಆರ್‌ಎಸ್‌ವಿ ಎಂಬ, ಶಿಶುಗಳ ಶ್ವಾಸಕೋಶಕ್ಕೆ ತಗುಲುವ ವೈರಸ್ಸಿಗೆ ಫಾರ್ಮಲಿನ್ ಹಾಕಿ ಕೊಂದು, ಆಲಮ್ ಸೇರಿಸಿ ಲಸಿಕೆ ಮಾಡಿ ಶಿಶುಗಳ ಮೇಲೆ ಪರೀಕ್ಷಿಸಿದರು. ಆಮೇಲೆ ನಿಜವಾದ ವೈರಸ್ ತಗುಲಿದಾಗ ಲಸಿಕೆ ಪಡೆದ ಮಕ್ಕಳ ಕಾಯಿಲೆಯೇ ಜಾಸ್ತಿಯಾಯಿತು. ಒಂದು ಗುಂಪಿನಲ್ಲಿ ಸೋಂಕು ತಗುಲಿದ ನೂರಕ್ಕೆ 80ರಷ್ಟು ಮಕ್ಕಳು ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಆ ಲಸಿಕೆ ಅಲ್ಲಿಗೇ ನಿಂತಿತು, ಯಾವತ್ತೂ ಬಳಕೆಗೆ ಬರಲಿಲ್ಲ. ಯಾಕೆ ಹೀಗಾಯಿತು ಎಂದು ಇಲಿಗಳಲ್ಲಿ ಹುಡುಕುವಾಗ ಮತ್ತೆ ತಳಿಯ ಪ್ರಶ್ನೆ ಎದುರಾಯಿತು. ವೈರಸ್ಸಿನ ಜಿ ಪ್ರೋಟೀನ್ ತೋರಿಸಿ ಆಮೇಲೆ ಸೋಂಕು ಕೊಟ್ಟರೆ ಬಿಳಿ ಇಲಿಯ ಶ್ವಾಸಕೋಶದಲ್ಲಿ ಇಯೊಸಿನೊಫಿಲ್ ತುಂಬುತ್ತದೆ, ಕಪ್ಪು ಇಲಿಯಲ್ಲಿ ಇಲ್ಲ. ಕಪ್ಪು ಇಲಿಯನ್ನು ಕಾಯುತ್ತಿದ್ದದ್ದು ಸಿಡಿ8 ಎಂಬ ಇನ್ನೊಂದು ಬಗೆಯ ಟಿ ಕೋಶ. ಇವತ್ತು ಲಸಿಕೆ ತಯಾರಿಸುವವರು ಎಷ್ಟು ಪ್ರತಿಕಾಯ ಎದ್ದಿತು ಎಂದು ಮಾತ್ರ ನೋಡದೆ, ಯಾವ ಬಗೆಯ ಟಿ ಕೋಶ ಎದ್ದಿತು ಎಂದೂ ನೋಡುವುದು ಈ ಪೆಟ್ಟು ತಿಂದ ಮೇಲೆ.

ಇಲಿಗಳ ಕಥೆ ಸಾಕು. ನಿಮ್ಮ ಮಗುವಿನ ವಿಷಯಕ್ಕೆ ಬರೋಣ.

ಮನುಷ್ಯರಲ್ಲಿ ಬಿಳಿ ಇಲಿ, ಕಪ್ಪು ಇಲಿ ಎಂಬ ಎರಡು ತಳಿಗಳಿಲ್ಲ. ಅಸ್ತಮಾಕ್ಕೆ ಸಂಬಂಧಪಟ್ಟ ಜೀನ್ ಜಾಗಗಳು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. 2007ರಲ್ಲಿ 17ನೇ ಕ್ರೋಮೊಸೋಮಿನ ಒಂದು ಜಾಗ ಸಿಕ್ಕಿತು. ಚಿಕ್ಕ ವಯಸ್ಸಿನಲ್ಲೇ ಶುರುವಾಗುವ ಅಸ್ತಮಾಕ್ಕೆ ಅದರ ನಂಟು ಗಟ್ಟಿ. ಅದಕ್ಕೂ ಒಂದು ವರ್ಷ ಮೊದಲು ಚರ್ಮದ ತಡೆಗೋಡೆಯ ಫಿಲಾಗ್ರಿನ್ ಜೀನ್ ಬೆಳಕಿಗೆ ಬಂದಿತ್ತು. ಅದು ಕೆಟ್ಟರೆ ಚರ್ಮ ಒಣಗಿ ಎಕ್ಸಿಮಾ ಎಂಬ ತುರಿಕೆಯ ಕಾಯಿಲೆ ಬರುತ್ತದೆ, ಆ ಬಿರುಕಿನಿಂದ ಅಲರ್ಜಿ ಒಳಗೆ ನುಗ್ಗುತ್ತದೆ. ಉಳಿದವು ಒಂದೊಂದೂ ಚಿಟಿಕೆಯಷ್ಟು ಪರಿಣಾಮದವು. ಇಂಥ ಹತ್ತಾರು ಚಿಟಿಕೆಗಳು ಒಂದೇ ಮಗುವಿನಲ್ಲಿ ಸೇರಿದಾಗ ನಾವು 'ಅಲರ್ಜಿ ಮನೆತನ' ಅನ್ನುತ್ತೇವೆ. ಹಾಗಾಗಿ ಮಕ್ಕಳ ಅಧ್ಯಯನಗಳಲ್ಲಿ ಜೀನ್ ಬದಲು ಸಾಮಾನ್ಯವಾಗಿ ನೋಡುವುದು ಒಂದೇ ಸರಳ ಪ್ರಶ್ನೆ: ಅಪ್ಪ ಅಮ್ಮನಿಗೆ ಅಲರ್ಜಿ ಇದೆಯೇ?

ಬಿಸಿಜಿ ಬಗ್ಗೆ ಆಸೆ ಹುಟ್ಟಿಸಿದ್ದು 1997ರ ಜಪಾನ್ ಅಧ್ಯಯನ. 867 ಶಾಲಾಮಕ್ಕಳಲ್ಲಿ ಕ್ಷಯದ ಚರ್ಮಪರೀಕ್ಷೆಗೆ ಜೋರಾಗಿ ಪ್ರತಿಕ್ರಿಯಿಸಿದವರಿಗೆ ಅಲರ್ಜಿ ಕಡಿಮೆ ಇತ್ತು. ಬಿಸಿಜಿ ಅಲರ್ಜಿ ತಡೆಯುತ್ತದೆ ಎಂದು ಎಲ್ಲರೂ ಕುಣಿದರು. ನಾನು ಅದನ್ನು ಬೇರೆ ಥರ ಓದುತ್ತೇನೆ. ಒಂದೇ ಲಸಿಕೆಗೆ ಕೆಲವು ಮಕ್ಕಳ ಮೈ ಜೋರಾಗಿ ಎದ್ದಿತು, ಕೆಲವರದ್ದು ಏಳಲಿಲ್ಲ. ಏಳದವರು ಮೊದಲೇ ಅಲರ್ಜಿ ಕಡೆ ವಾಲಿದ್ದವರು ಇರಬಹುದಲ್ಲ? ಲಸಿಕೆ ಅಲರ್ಜಿಯನ್ನು ತಡೆಯಿತೋ, ಅಲರ್ಜಿಯ ಮೈ ಲಸಿಕೆಗೆ ಓಗೊಡಲಿಲ್ಲವೋ, ಇಂಥ ಅಧ್ಯಯನದಿಂದ ಬಿಡಿಸಲು ಬರುವುದಿಲ್ಲ. ಅದೇ ವರ್ಷ ಸ್ವೀಡನ್ನಿನವರು ಅಲರ್ಜಿ ಮನೆತನದ ಮಕ್ಕಳನ್ನೇ ಆರಿಸಿ ನೋಡಿದರು. ಬಿಸಿಜಿ ಪಡೆದ 216 ಮಕ್ಕಳು, ಪಡೆಯದ 358 ಮಕ್ಕಳು. ವ್ಯತ್ಯಾಸ ಇರಲಿಲ್ಲ.

ಇದನ್ನು ಬಿಡಿಸಲು ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಬೇಕು. ಡೆನ್ಮಾರ್ಕಿನಲ್ಲಿ 4,262 ನವಜಾತ ಶಿಶುಗಳಲ್ಲಿ ಹಾಗೆ ಮಾಡಿದರು. 13 ತಿಂಗಳೊಳಗೆ ಎಕ್ಸಿಮಾ ಬಂದದ್ದು ಬಿಸಿಜಿ ಗುಂಪಿನಲ್ಲಿ ಸ್ವಲ್ಪ ಕಡಿಮೆ, ಅದೂ ಇದ್ದೂ ಇಲ್ಲದಂತೆ. ಆದರೆ ಮಕ್ಕಳನ್ನು ಮನೆತನದ ಪ್ರಕಾರ ಬೇರೆ ಮಾಡಿದಾಗ ಚಿತ್ರ ಬದಲಾಯಿತು. ತಂದೆತಾಯಿಗೆ ಅಲರ್ಜಿ ಇದ್ದ ಮಕ್ಕಳಲ್ಲಿ ಎಕ್ಸಿಮಾದ ಅಪಾಯ ಶೇ 16ರಷ್ಟು ತಗ್ಗಿತ್ತು. ಅಲರ್ಜಿ ಇಲ್ಲದ ಮನೆತನದ ಮಕ್ಕಳಲ್ಲಿ ಇಳಿತವೇ ಇಲ್ಲ. 21 ಅಲರ್ಜಿ ಮನೆತನದ ಮಕ್ಕಳಿಗೆ ಬಿಸಿಜಿ ಕೊಟ್ಟರೆ ಒಂದು ಮಗುವಿಗೆ ಎಕ್ಸಿಮಾ ತಪ್ಪುತ್ತದೆ ಎಂಬ ಲೆಕ್ಕ. ಮೆಲ್ಬರ್ನಿನಲ್ಲಿ 1,272 ಶಿಶುಗಳ ಇನ್ನೊಂದು ಪರೀಕ್ಷೆಯಲ್ಲೂ ಹೀಗೇ: ಒಟ್ಟಾರೆ ನೋಡಿದರೆ ಖಚಿತ ಲಾಭ ಕಾಣಲಿಲ್ಲ, ಅಪ್ಪ ಅಮ್ಮ ಇಬ್ಬರಿಗೂ ಅಲರ್ಜಿ ಇದ್ದ ಮಕ್ಕಳಲ್ಲಿ ಲಾಭ ಎದ್ದು ಕಂಡಿತು.

ನೋಡಿ, ನಿಮ್ಮ ಭಯ ಯಾವ ದಿಕ್ಕಿಗಿತ್ತು, ಲೆಕ್ಕ ಯಾವ ದಿಕ್ಕಿಗೆ ಬಂತು! ಮನೆತನ ಲಸಿಕೆಯ ಪರಿಣಾಮವನ್ನು ಬದಲಿಸಿತು, ನಿಜ. ಆದರೆ ಬದಲಿಸಿದ್ದು ನಿಮ್ಮಂಥವರ ಮಕ್ಕಳ ಪರವಾಗಿ. ಸರಾಸರಿಯಲ್ಲಿ ಇದು ಮುಚ್ಚಿಹೋಗಿತ್ತು. ಹಿಗ್ಗಬೇಡಿ, ಇದು ಚರ್ಮದ ಮಾತು, ಶ್ವಾಸನಾಳದ್ದಲ್ಲ. ಡೆನ್ಮಾರ್ಕಿನ ಅದೇ ಮಕ್ಕಳಲ್ಲಿ 13 ತಿಂಗಳವರೆಗೆ ರಕ್ತದ ಅಲರ್ಜಿ ಪರೀಕ್ಷೆಯಲ್ಲಾಗಲಿ ಆಹಾರದ ಅಲರ್ಜಿಯ ಅನುಮಾನದಲ್ಲಾಗಲಿ ವ್ಯತ್ಯಾಸ ಸಿಗಲಿಲ್ಲ. ಅಸ್ತಮಾ ತಡೆಯಲೆಂದು ಬಿಸಿಜಿ ಹಾಕಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ನಾಯಿಕೆಮ್ಮಿನ ಲಸಿಕೆಗೂ ಇಂಥದ್ದೊಂದು ಪರೀಕ್ಷೆ ನಡೆದಿದೆ, ಅದೂ ಒಂದು ಆಕಸ್ಮಿಕದಿಂದ. ಸ್ವೀಡನ್ 1979ರಲ್ಲಿ ಈ ಲಸಿಕೆ ನಿಲ್ಲಿಸಿತ್ತು. ಮತ್ತೆ ತರುವ ಮೊದಲು ನಡೆಸಿದ ಪರೀಕ್ಷೆಯಲ್ಲಿ ಕೆಲವು ಮಕ್ಕಳಿಗೆ ನಾಯಿಕೆಮ್ಮಿನ ಲಸಿಕೆ ಸಿಕ್ಕಿತು, ಕೆಲವರಿಗೆ ಡಿಫ್ತೀರಿಯಾ ಧನುರ್ವಾಯುವಿನದು ಮಾತ್ರ. ಯಾರಿಗೆ ಯಾವುದು ಎಂದು ತೀರ್ಮಾನಿಸಿದ್ದು ಚೀಟಿ. ಅವರಲ್ಲಿ 669 ಮಕ್ಕಳನ್ನು ಅಲರ್ಜಿಗಾಗಿ ಗಮನಿಸಿ 1998ರಲ್ಲಿ ವರದಿ ಬಂತು. ನಾಯಿಕೆಮ್ಮಿನ ಲಸಿಕೆ ಪಡೆದವರಲ್ಲಿ ಅಲರ್ಜಿಯ ಕಾಯಿಲೆಗಳು ಹೆಚ್ಚಿರಲಿಲ್ಲ. 1948ರ ಇಲಿ ಎಷ್ಟೇ ಹೆದರಿಸಲಿ, ಮಕ್ಕಳಲ್ಲಿ ಕಂಡದ್ದು ಇದು.

ಆಲಮ್ ಬಗ್ಗೆಯೂ ನಿಮಗೆ ಪ್ರಶ್ನೆ ಬಂದಿರಬಹುದು. ಇಲಿಗೆ ಅಲರ್ಜಿ ಹತ್ತಿಸಲು ನಾವು ಬಳಸುವುದು ಅದೇ, ಲಸಿಕೆಯಲ್ಲಿ ಇರುವುದೂ ಅದೇ. ಆದರೆ ಮಗುವಿಗೆ ಆಲಮ್ ಜೊತೆ ಕೊಡುವುದು ರೋಗಾಣುವಿನ ಪ್ರೋಟೀನು, ಧೂಳಿನದ್ದಲ್ಲ. ಆಮೇಲೆ ನೆಬ್ಯುಲೈಸರಿನಲ್ಲಿ ಅದನ್ನೇ ಉಸಿರಾಡಿಸುವುದೂ ಇಲ್ಲ. ಹಾಗಿದ್ದೂ ಪ್ರಶ್ನೆ ಸಣ್ಣದಲ್ಲ. 2022ರಲ್ಲಿ ಅಮೆರಿಕದ ಸುಮಾರು 3.27 ಲಕ್ಷ ಮಕ್ಕಳ ದಾಖಲೆ ನೋಡಿದವರಿಗೆ, ಲಸಿಕೆಗಳಿಂದ ಬಂದ ಅಲ್ಯೂಮಿನಿಯಂ ಹೆಚ್ಚಿದ್ದವರಲ್ಲಿ ಅಸ್ತಮಾ ಸ್ವಲ್ಪ ಹೆಚ್ಚು ಕಂಡಿತು. ಎಕ್ಸಿಮಾ ಇದ್ದ ಮಕ್ಕಳು, ಇಲ್ಲದ ಮಕ್ಕಳು, ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅಲರ್ಜಿಯ ಮೈಗೆ ವಿಶೇಷ ತೊಂದರೆ ಎಂದು ಅಲ್ಲೂ ಸ್ಪಷ್ಟವಾಗಲಿಲ್ಲ. ಇಂಥ ದಾಖಲೆ ಅಧ್ಯಯನದಲ್ಲಿ, ಡಾಕ್ಟರ್ ಬಳಿ ತಪ್ಪದೆ ಹೋಗುವವರಿಗೇ ಲಸಿಕೆಯೂ ಪೂರ್ತಿ ಆಗಿರುತ್ತದೆ, ಅಸ್ತಮಾ ಎಂದು ಹೆಸರು ಬರುವುದೂ ಅವರಿಗೇ. ಈ ತೊಡಕು ಬಿಡಿಸುವುದು ಕಷ್ಟ. 2025ರಲ್ಲಿ ಡೆನ್ಮಾರ್ಕಿನವರು 12 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು, ಅಸ್ತಮಾ ಅಲರ್ಜಿಗಳೂ ಸೇರಿ 50 ಕಾಯಿಲೆಗಳನ್ನು ನೋಡಿದರು. ಆಲಮ್‌ನಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಎರಡರಲ್ಲಿ ನನಗೆ ಹೆಚ್ಚು ನಂಬಿಕೆ ಎರಡನೆಯದರ ಮೇಲೆ.

ಮಗುವಿಗೆ ಜೀನ್ ಪರೀಕ್ಷೆ ಮಾಡಿಸಿ ಲಸಿಕೆ ಆರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಬೇಡ. ಅಂಥ ಪರೀಕ್ಷೆಯ ಫಲ ನೋಡಿ ಲಸಿಕೆ ಬದಲಿಸುವ ಯಾವ ನಿಯಮವೂ ಇವತ್ತು ಇಲ್ಲ.

ಆದರೆ ಮನೆತನದ ಒಂದು ಸಂಗತಿ ನಿಜವಾಗಿ ಮುಖ್ಯ, ಅದು ಅಸ್ತಮಾ ಅಲ್ಲ. ಎರಡೂ ಮನೆಗಳ ಕಡೆ ಯಾರಾದರೂ ಶಿಶುಗಳು ಪದೇ ಪದೇ ಸೋಂಕಾಗಿ ತೀರಿಕೊಂಡಿದ್ದರೆ, ಬಿಸಿಜಿಯಿಂದಲೇ ಕಾಯಿಲೆ ಹರಡಿದ್ದರೆ, ಡಾಕ್ಟರಿಗೆ ಮೊದಲೇ ಹೇಳಿ. ಹುಟ್ಟಿನಿಂದ ರೋಗನಿರೋಧಕ ಶಕ್ತಿಯೇ ಇಲ್ಲದ ಅಪರೂಪದ ಸ್ಥಿತಿಗಳಿವೆ. ಇಂಟರ್‌ಫೆರಾನ್ ಗಾಮಾ ದಾರಿ ಕೆಟ್ಟಿರುವುದು ಅದರಲ್ಲೊಂದು. ಇಲಿಯಲ್ಲಿ ಬಿಸಿಜಿಯ ಲಾಭವನ್ನು ಮಾಯ ಮಾಡಿದ ಅದೇ ದಾರಿ! ಇಂಥ ಮಕ್ಕಳಿಗೆ ಜೀವಂತ ಲಸಿಕೆ ಅಪಾಯ. ಸಾಮಾನ್ಯ ಅಲರ್ಜಿಗೂ ಇದಕ್ಕೂ ಸಂಬಂಧ ಇಲ್ಲ.

ಇನ್ನೊಂದು, ಮುಂದಿನ ಮಾತು. ಫ್ಲೂಗೆ ಮೂಗಿಗೆ ಸ್ಪ್ರೇ ಮಾಡುವ ಜೀವಂತ ಲಸಿಕೆ ಇದೆ. 2007ರ ದೊಡ್ಡ ಪರೀಕ್ಷೆಯಲ್ಲಿ ಅದು ತೀರಾ ಚಿಕ್ಕ ಮಕ್ಕಳಲ್ಲಿ ಉಬ್ಬಸ ಹೆಚ್ಚಿಸಿದ್ದು ಕಂಡಿತು. ಎರಡು ವರ್ಷದೊಳಗಿನವರಿಗೆ ಅದನ್ನು ಕೊಡುವುದಿಲ್ಲ. ನಿಮ್ಮ ಮಗುವಿಗೆ ಮುಂದೆ ಉಬ್ಬಸ ಕಾಣಿಸಿಕೊಂಡರೆ ಸ್ಪ್ರೇ ಬೇಡ, ಚುಚ್ಚುವ ಫ್ಲೂ ಲಸಿಕೆ ಕೇಳಿ. ಅದು ನಿಮಗೂ ಆಗುತ್ತದೆ. ಅಸ್ತಮಾ ಇದ್ದ 2,032 ಜನರಲ್ಲಿ ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಎರಡು ವಾರದೊಳಗೆ ಅಸ್ತಮಾ ಕೆರಳಿದ್ದು ಲಸಿಕೆ ಪಡೆದಾಗ ಶೇ 28.8 ಮಂದಿಗೆ, ಉಪ್ಪುನೀರು ಪಡೆದಾಗ ಶೇ 27.7 ಮಂದಿಗೆ. ವ್ಯತ್ಯಾಸ ಇಲ್ಲವೆಂದೇ ಲೆಕ್ಕ.

ತಡೆದು ಹಾಕಿಸಲೇ ಎಂದು ಕೇಳಿದ್ದೀರಿ. ಬೇಡ. ನಾಯಿಕೆಮ್ಮು ಅತಿ ಹೆಚ್ಚು ಶಿಶುಗಳನ್ನು ಬಲಿ ತೆಗೆದುಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ನೀವು ಕಾಯಬೇಕೆಂದಿರುವುದೂ ಆ ದಿನಗಳನ್ನೇ. ಸರದಿ ಬಂದ ದಿನವೇ ಹಾಕಿಸಿ. ಅಂದು ಸಂಜೆ ಮೈ ಬಿಸಿಯಾಗಿ, ಚುಚ್ಚಿದ ಜಾಗ ಊದಿಕೊಂಡರೆ ಅದು ಅಲರ್ಜಿ ಅಲ್ಲ. ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟದಲ್ಲಿ ಸುಂಯ್ ಸದ್ದು ಬಂದರೆ ಮಾತ್ರ ಅಲರ್ಜಿ. ತೀರಾ ಅಪರೂಪ, ಆದರೂ ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿದ್ದು ಮನೆಗೆ ಹೋಗಿ.